ಹಳೆಯ ಜೀಪಿನ ಕುಲುಕಾಟವೂ ಅದರ ಪರಿಹಾರವೂ

ಪಾಣೆಮಂಗಳೂರು ನೇತ್ರಾವತಿಯ ತೆಂಕಣ ದಡದ ಪೇಟೆ. ಇಲ್ಲಿಂದ ಹೊಳೆಯನ್ನು ದಾಟಿ, ಬಂಟ್ವಾಳ ಪುಂಜಾಲಕಟ್ಟೆಗಳ ಮಾರ್ಗವಾಗಿ ಬೆಳ್ತಂಗಡಿಯ ಕಡೆಗೆ ನಡೆದರೆ ಘಟ್ಟದ ಬುಡವು ಸಿಕ್ಕುವುದು. ಹೆದ್ದಾರಿಯಲ್ಲಿ ಎಂತಹ ಬಂಡಿಯಾದರೂ ಓಡೀತು. ಆದರೆ ಗುಡ್ಡದ ಮೇಲಣ ತೋಟದ ಮನೆಗಳಿಗೂ, ದಿಡುಪೆಯಿಂದ ಎಳನೀರಿನಂತಹ ಊರುಗಳಿಗೂ ಏರುವ ಕಲ್ಲುದಾರಿಗಳಲ್ಲಿ ಜನರನ್ನು ಬಹುಕಾಲದಿಂದ ಹೊತ್ತುದು ಜೀಪು. ಶಾಲೆಯ ಮಕ್ಕಳೂ, ಆಸ್ಪತ್ರೆಗೆ ಇಳಿಯತಕ್ಕ ರೋಗಿಗಳೂ, ದಿನತುಂಬಿದ ಬಸುರಿಯರೂ ಇದರಲ್ಲಿ ಕುಳಿತು ಬಂದವರೇ. ಆದುದರಿಂದ ಜೀಪಿನ ಕುಲುಕಾಟವನ್ನು ಕುರಿತ ವಿಚಾರವು ಕೇವಲ ವಿಲಾಸದ ವಿಚಾರವಲ್ಲ.

ಜೀಪೆಂದ ಮೇಲೆ ಕುಲುಕದೆ ಇದ್ದೀತೇ ಎಂದು ಕೇಳುವವರುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಎರಡನೆಯ ಮಹಾಯುದ್ಧದ ಸೈನ್ಯಕ್ಕಾಗಿ 1941ರಿಂದ ತಯಾರಾದ ವಿಲ್ಲಿಸ್ ಜೀಪು ಬಲಕ್ಕಾಗಿ ಹುಟ್ಟಿತೇ ಹೊರತು ಸುಖಕ್ಕಾಗಿ ಅಲ್ಲ. ಆ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ಜೋಡಿಸತೊಡಗಿದ ಜೀಪುಗಳೂ ಅದೇ ವಂಶದವು. ಆದರೆ ಇಂದು ನಾವು ಹಳೆಯ ಜೀಪಿನಲ್ಲಿ ಅನುಭವಿಸುವ ಕುಲುಕಾಟದ ಬಹುಭಾಗವು ಹುಟ್ಟಿನಿಂದ ಬಂದುದಲ್ಲ, ಅಲಕ್ಷ್ಯದಿಂದ ಬಂದುದು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಜೀಪಿನ ಒಡಲನ್ನು ಹೊತ್ತಿರುವುದು ಪಟ್ಟಿಕಮಾನು. ಎಂದರೆ ಒಂದರ ಮೇಲೊಂದು ಅಡಕಿದ ಉಕ್ಕಿನ ಪ್ಲೇಟುಗಳ ಕಟ್ಟು. ಬಿಲ್ಲಿನಂತಹ ಇಂತಹ ಕಮಾನಿಗೆ ಇಂಗ್ಲೆಂಡಿನ ಒಬಡಯಾ ಎಲಿಯಟ್ ಎಂಬ ಸಾರೋಟು ಮಾಡುವವನು 1804ರಲ್ಲಿಯೇ ಹಕ್ಕುಪತ್ರವನ್ನು ಪಡೆದಿದ್ದನು. ಭಾರ ಬಿದ್ದಾಗ ಬಿಲ್ಲು ನೆಟ್ಟಗಾಗಿ ಉದ್ದವಾಗುವುದಷ್ಟೆ. ಅದಕ್ಕೆ ಎಡೆಮಾಡಿಕೊಡಲು ಕಮಾನಿನ ಒಂದು ತುದಿಯನ್ನು ಶಾಕಲ್ ಎಂಬ ತೂಗುಕೊಂಡಿಗೆ ಸಿಕ್ಕಿಸಿರುವರು.

ಕಮಾನಿನ ತೂಗಾಟದ ಲಯವನ್ನು ಸುಲಭವಾಗಿ ಎಣಿಸಬಹುದು. ಒಡಲಿನ ಭಾರದಿಂದ ಕಮಾನು ಎಷ್ಟು ಸೆಂಟಿಮೀಟರು ಕುಗ್ಗುವುದೋ ಅದರ ವರ್ಗಮೂಲದಿಂದ 300ನ್ನು ಭಾಗಿಸಿದರೆ ನಿಮಿಷಕ್ಕೆ ಎಷ್ಟು ತೂಗಾಟಗಳೆಂಬುದು ದೊರೆಯುವುದು. 16 ಸೆಂಟಿಮೀಟರು ಕುಗ್ಗಿದರೆ 75. 9 ಕುಗ್ಗಿದರೆ 100. 4 ಮಾತ್ರ ಕುಗ್ಗಿದರೆ 150. ನಿಮಿಷಕ್ಕೆ 60ರಿಂದ 90ರವರೆಗಿನ ತೂಗಾಟವು ಮೈಗೆ ಹಿತವಾದುದು. ಸೆಕೆಂಡಿಗೆ 4ರಿಂದ 8, ಎಂದರೆ ನಿಮಿಷಕ್ಕೆ 240ರಿಂದ 480ರವರೆಗಿನ ಮೇಲುಕೆಳಗಿನ ಕಂಪನವನ್ನು ಕುಳಿತವನ ಒಡಲು ಎಲ್ಲಕ್ಕಿಂತ ಕಡಮೆ ಸಹಿಸುವುದು.

ಈಗ ನಮ್ಮ ಕರಾವಳಿಯ ಮಳೆಗಾಲವನ್ನು ನೆನೆಯಿರಿ. ನಾಲ್ಕು ತಿಂಗಳ ಕೆಸರು ನೀರು ಪ್ಲೇಟುಗಳ ಸಂದಿನಲ್ಲಿ ನಿಂತು ತುಕ್ಕು ಹಿಡಿಸುವುದು. ತುಕ್ಕು ಹಿಡಿದ ಪ್ಲೇಟುಗಳು ಒಂದರ ಮೇಲೊಂದು ಜಾರವು, ತೂಗುಕೊಂಡಿಯೂ ತೂಗದು. ಆಗ ಸಣ್ಣ ಕಲ್ಲುಗಳ ಮೇಲೆ ಕಮಾನು ಕೆಲಸವನ್ನೇ ಮಾಡದೆ, ಬಂಡಿಯು ಟಯರಿನ ಮೇಲೆ ಮಾತ್ರ ನಿಂತಂತಾಗುವುದು. ಟಯರು ಸುಮಾರು ಎರಡೂಕಾಲು ಸೆಂಟಿಮೀಟರು ಕುಗ್ಗುವುದೆಂದು ಇಟ್ಟುಕೊಂಡರೆ ಮೇಲಣ ಲೆಕ್ಕದಂತೆ ತೂಗಾಟವು ನಿಮಿಷಕ್ಕೆ 200. ಒಡಲು ಸಹಿಸಲಾರದ ಎಲ್ಲೆಗೆ ಇದು ತೀರ ಸಮೀಪ. ಕಮಾನು ಬಿರುಸಾಯಿತೆಂದು ನಾವು ದೂರುವೆವು. ನಿಜವಾಗಿ ಅದು ಕಟ್ಟಿಹೋಗಿರುವುದು.

ಆದುದರಿಂದ ಚಿಕಿತ್ಸೆಗೆ ಒಂದು ಕ್ರಮವಿರಬೇಕು. ಮೊದಲು ಟಯರಿನ ಗಾಳಿಯನ್ನು ನೋಡತಕ್ಕದ್ದು. ಭಾರ ಹೇರುವ ದಿನದ ಗಾಳಿಯನ್ನು ಬರಿಯ ಬಂಡಿಯಲ್ಲಿ ಉಳಿಸುವುದು ತಪ್ಪು. ಎರಡನೆಯದಾಗಿ, ಕಮಾನನ್ನು ಬಿಚ್ಚಿ, ತುಕ್ಕನ್ನು ಉಜ್ಜಿ, ಬಿರುಕುಬಿಟ್ಟ ಪ್ಲೇಟನ್ನು ಬದಲಾಯಿಸಿ, ಗ್ರಾಫೈಟ್ ಗ್ರೀಸನ್ನು ಸವರಿ ಕಟ್ಟಬೇಕು. ನಿಪ್ಪಲ್ ಇರುವ ಹಳೆಯ ತೂಗುಕೊಂಡಿಗೆ ಗ್ರೀಸನ್ನು ತುಂಬಬೇಕು. ರಬ್ಬರು ಬುಶ್ಶಿಗೆ ಗ್ರೀಸು ಹತ್ತಕೂಡದು, ಅದರ ಬೋಲ್ಟನ್ನು ಬಂಡಿಯ ಭಾರವು ಗಾಲಿಯ ಮೇಲೆ ಕುಳಿತ ಬಳಿಕವೇ ಬಿಗಿಯಬೇಕು. ಜಾಕಿನ ಮೇಲೆ ನಿಂತಿರುವಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುವುದು.

ಮೂರನೆಯದು ಶಾಕ್ ಅಬ್ಸಾರ್ಬರು. ಈ ಹೆಸರು ಭ್ರಾಮಕವಾದುದು. ಪೆಟ್ಟನ್ನು ನುಂಗುವುದು ಕಮಾನು. ಈ ಸಾಧನವು ಪೆಟ್ಟಿನ ತರುವಾಯ ಉಳಿಯುವ ತೂಗಾಟವನ್ನು ಎಣ್ಣೆಯ ತಡೆಯಿಂದ ಅಡಗಿಸುವುದು. ಕನ್ನಡದಲ್ಲಿ ‘ಕಂಪಶಾಮಕ’ವೆಂದರೆ ಅರ್ಥಕ್ಕೆ ಹತ್ತಿರವಾದೀತು. ಬಂಡಿಯ ಮೂಲೆಯನ್ನು ಅದುಮಿ ಬಿಟ್ಟಾಗ ಅದು ಮತ್ತೆ ಮತ್ತೆ ಕುಣಿಯುತ್ತಿದ್ದರೆ ಶಾಮಕವು ಸತ್ತಿತೆಂದು ತಿಳಿಯಬೇಕು. ಅದುಮಿದರೂ ಬಗ್ಗದಿದ್ದರೆ ತುಕ್ಕನ್ನು ಹುಡುಕಬೇಕು.

ಕಡೆಯದಾಗಿ ಕಮಾನು. ಹೆಚ್ಚು ಜನರನ್ನು ಹೇರಲು ಪ್ಲೇಟುಗಳನ್ನು ಸೇರಿಸುವ ರೂಢಿಯಿದೆ. ಅಗಲವೂ ಉದ್ದವೂ ಸಮವಾಗಿದ್ದರೆ, ಎರಡರಷ್ಟು ದಪ್ಪವಾದ ಒಂದು ಪ್ಲೇಟಿನ ಬಿಗುಪು ಎಂಟು ಪ್ಲೇಟುಗಳ ಬಿಗುಪಿಗೆ ಸಮ. ಅಳತೆ ನೋಡದೆ ಸೇರಿಸಿದ ಒಂದೇ ಪ್ಲೇಟು ಸಾಕು, ಸವಾರಿ ಕೆಡುವುದಕ್ಕೆ. ನಡುವೆ ದಪ್ಪವಾಗಿ ತುದಿಗೆ ತೆಳ್ಳಗಾಗುವ ಕೆಲವೇ ಪ್ಲೇಟುಗಳುಳ್ಳ ಪ್ಯಾರಾಬೋಲಿಕ್ ಕಮಾನುಗಳೂ ಉಂಟು. ಪ್ಲೇಟುಗಳ ನಡುವೆ ತೆರಪಿರುವುದರಿಂದ ಅವುಗಳಲ್ಲಿ ಉಜ್ಜಾಟ ಕಡಮೆ. ಆದರೆ ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿರ್ಬಂಧಿಸುವುದೆಂಬುದನ್ನು ಮರೆಯಲಾಗದು.

ಇಷ್ಟಾದ ಮೇಲೂ ಒಂದು ದೋಷ ಉಳಿಯುವುದು. ಹಳೆಯ ಜೀಪಿನ ಮುಂದಣ ಹಿಂದಣ ಅಚ್ಚುಗಳ ಅಂತರವು 80 ಅಂಗುಲ ಮಾತ್ರ. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಮುಂದಣ ಗಾಲಿ ಕಲ್ಲನ್ನು ಹತ್ತಿದ ಕಾಲು ಸೆಕೆಂಡಿನೊಳಗೆ ಹಿಂದಣ ಗಾಲಿಯೂ ಹತ್ತುವುದು. ಬಂಡಿಯು ದೋಣಿಯಂತೆ ಮುಂದಕ್ಕೂ ಹಿಂದಕ್ಕೂ ಓಲಾಡುವುದು. ಮುಂದಣ ಕಮಾನು ಹಿಂದಿನದಕ್ಕಿಂತ ಮೆತ್ತಗಿದ್ದರೆ ಈ ಓಲಾಟವು ಬೇಗ ಅಡಗುವುದೆಂದು ಮಾರಿಸ್ ಆಲಿ ಎಂಬ ಇಂಜಿನಿಯರನು 1930ರ ದಶಕದಲ್ಲಿ ತೋರಿಸಿದನು. ಆದರೂ ಅಚ್ಚುಗಳ ಅಂತರವನ್ನು ನಾವು ಬದಲಾಯಿಸಲಾರೆವು. ಕುಳಿತುಕೊಳ್ಳುವ ಸ್ಥಾನವನ್ನು ಬದಲಾಯಿಸಬಲ್ಲೆವು. ಓಲಾಟವು ಬಂಡಿಯ ನಡುವಿನಲ್ಲಿ ಕಡಮೆ, ಹಿಂದಣ ಬೆಂಚಿನಲ್ಲಿ ಹೆಚ್ಚು. ರೋಗಿಯನ್ನೂ ಬಸುರಿಯನ್ನೂ ಚಾಲಕನ ಪಕ್ಕದಲ್ಲಿ ಕುಳ್ಳಿರಿಸುವ ಹಳ್ಳಿಯ ವಾಡಿಕೆಯು ಮರ್ಯಾದೆ ಮಾತ್ರವಲ್ಲ, ಯಂತ್ರಶಾಸ್ತ್ರಕ್ಕೂ ಒಪ್ಪುವುದು.

ಮೇಲಣ ಕ್ರಮದಲ್ಲಿ ಮೊದಲಿನ ಎರಡಕ್ಕೆ ತಗಲುವುದು ಹೆಚ್ಚಾಗಿ ಶ್ರಮ. ವೆಚ್ಚ ಏರುವುದು ಆಮೇಲಿನವುಗಳಲ್ಲಿ. ಹೊಸ ಕಮಾನನ್ನು ಕೊಳ್ಳುವ ಮೊದಲು ಹಳೆಯದಕ್ಕೆ ಕದಲಲು ಎಡೆಗೊಡುವುದೇ ವಿವೇಕ. ಮಳೆಗಾಲ ಕಳೆದೊಡನೆ ಒಂದು ದಿನವನ್ನು ಈ ಕೆಲಸಕ್ಕೆ ಮೀಸಲಿಟ್ಟರೆ, ಮುಂದಿನ ಮಳೆಯವರೆಗೆ ಆ ದಾರಿಯಲ್ಲಿ ಇಳಿಯುವವರ ಬೆನ್ನಿಗೆ ಅಷ್ಟು ನೋವು ತಪ್ಪುವುದು.