ಎರಡೇ ಬಗೆ, ಬೀದಿ ತುಂಬ ಜನ

ಇಟಲಿಯ ನೇಪಲ್ಸ್ ಊರಿನ ಓಣಿಯೊಂದರಲ್ಲಿ ‘ದಾ ಮಿಕೇಲೆ’ ಎಂಬ ಪುಟ್ಟ ಪಿಜ್ಜಾ ಹೋಟೆಲಿದೆ. ಶುರುವಾದದ್ದು 1870ರಲ್ಲಿ. ಬಾಗಿಲಲ್ಲಿ ನಂಬರಿನ ಚೀಟಿ ಪಡೆದು, ಕರೆಯುವವರೆಗೆ ಬೀದಿಯಲ್ಲೇ ನಿಂತಿರಬೇಕು. ಮಕ್ಕಳೇ, ಇಟಾಲಿಯನ್ ಅಂಕಿಗಳನ್ನು ಮೊದಲೇ ಕಲಿತು ಹೋದರೆ ಒಳ್ಳೆಯದು!

ಇಲ್ಲಿ ಬಹುಕಾಲ ಸಿಗುತ್ತಿದ್ದದ್ದು ಮುಖ್ಯವಾಗಿ ಎರಡೇ ಬಗೆ. ಟೊಮೆಟೊ, ಚೀಸ್, ನಮ್ಮ ತುಳಸಿಯ ಬಳಗದ ಬೇಸಿಲ್ ಎಲೆ ಹಾಕಿದರೆ ಮಾರ್ಗರೀಟಾ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆಯಷ್ಟೇ ಇದ್ದರೆ ಮರಿನಾರಾ. ‘ಮಾರೆ’ ಎಂದರೆ ಕಡಲು. ಆದರೂ ಅದರಲ್ಲಿ ಮೀನಿಲ್ಲ, ಚೀಸೂ ಇಲ್ಲ. ಸಸ್ಯಾಹಾರಿ ಅಜ್ಜಿ ನಿಶ್ಚಿಂತೆಯಿಂದ ತಿನ್ನಬಹುದು.

ಇಷ್ಟು ಸರಳ ತಿಂಡಿಗೆ ಅಷ್ಟೊಂದು ಜನ ಏಕೆ? ಒಲೆಯ ಮುಂದೆ ನಿಂತವರ ಕೈ ನೋಡಿದರೆ ತಿಳಿಯುತ್ತದೆ. ಹಿಟ್ಟನ್ನು ಲಟ್ಟಣಿಗೆಯಿಲ್ಲದೆ ಬೆರಳಲ್ಲೇ ಹಿಗ್ಗಿಸುತ್ತಾರೆ. ಸೌದೆ ಒಲೆಯ ಶಾಖ 400 ಡಿಗ್ರಿಗೂ ಹೆಚ್ಚು. ಒಂದೂವರೆ ನಿಮಿಷದೊಳಗೆ ಬೇಯುತ್ತದೆ. ಅಷ್ಟರಲ್ಲಿ ತಿರುಗಿಸದಿದ್ದರೆ ಒಂದು ಮಗ್ಗುಲು ಸೀದೇ ಹೋಯಿತು! ನೇಪಲ್ಸಿನ ಪಿಜ್ಜಾ ಮಾಡುವವರ ಈ ಕಲೆಯನ್ನು ಯುನೆಸ್ಕೊ 2017ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಪಿಜ್ಜಾವನ್ನು ಕತ್ತರಿಸದೆ ಇಡಿಯಾಗಿ ತಂದಿಡುತ್ತಾರೆ. ತಟ್ಟೆಯ ಅಂಚನ್ನೂ ಮೀರಿ ಚಾಚಿಕೊಂಡಿರುತ್ತದೆ. ನಡುಭಾಗ ಮೆತ್ತಗೆ, ಹಲ್ಲು ಸಡಿಲಾದ ತಾತನಿಗೆ ಅದು, ಅಗಿಯುವ ಅಂಚು ಮೊಮ್ಮಕ್ಕಳಿಗೆ.