ಚೇಷ್ಟೆಯ ಅರ್ಥವಿಚಾರ

ಸಂಸ್ಕೃತದಲ್ಲಿ ಚೇಷ್ಟೆಯೆಂದರೆ ಶರೀರವ್ಯಾಪಾರವೆಂದಷ್ಟೇ ಅರ್ಥ. ಅದೇ ಶಬ್ದಕ್ಕೆ ಕನ್ನಡದ ಬಳಕೆಯಲ್ಲಿ ತುಂಟತನವೆಂಬ ಅರ್ಥವು ಕೂಡಿಕೊಂಡಿದೆ. ಆಟಿಸಂ ಮೊದಲಾದ, ನರವ್ಯೂಹದ ಬೆಳವಣಿಗೆಯಲ್ಲಿಯೇ ಭೇದವುಳ್ಳ ಮಕ್ಕಳ ವಿಷಯದಲ್ಲಿ ಈ ಎರಡನೆಯ ಅರ್ಥವು ಬಹಳ ಅನರ್ಥಕ್ಕೆ ಎಡೆಗೊಟ್ಟಿದೆ. ಮಗುವು ಗೋಡೆಗೆ ತಲೆ ಬಡಿದುಕೊಂಡರೆ ನೋಡಿದವರು ಹಟವೆನ್ನುವರು. ತಾಯಿತಂದೆಗಳ ಲಾಲನಪಾಲನವನ್ನು ದೂರುವರು.

ಆಲಂಕಾರಿಕರು ಹೀಗೆ ಅವಸರಪಡಲಿಲ್ಲ. ಮಮ್ಮಟನು ಕಾವ್ಯಪ್ರಕಾಶದಲ್ಲಿ ವ್ಯಂಗ್ಯಾರ್ಥಕ್ಕೆ ಸಹಕಾರಿಗಳಾದವುಗಳನ್ನು ಹೇಳುವಾಗ ಪ್ರಸ್ತಾವ, ದೇಶ, ಕಾಲಗಳೊಡನೆ ಚೇಷ್ಟೆಯನ್ನೂ ಗ್ರಹಿಸಿರುವನು. ಇಂದು ‘ಸಕಾರಾತ್ಮಕ ವರ್ತನಾ ಬೆಂಬಲ’ವೆನಿಸಿಕೊಂಡಿರುವ ಪದ್ಧತಿಯ ಮೂಲತತ್ತ್ವವು ಇದಕ್ಕೆ ದೂರವಲ್ಲ. ಕ್ರಿಯೆಗೆ ಮೊದಲು ಏನು ನಡೆಯಿತು, ಅನಂತರ ಮಗುವಿಗೆ ಏನು ದೊರೆಯಿತು ಅಥವಾ ಯಾವುದು ತಪ್ಪಿತು ಎಂಬುದನ್ನು ಹಲವು ದಿನ ಬರೆದಿಟ್ಟು ನೋಡಿದ ಮೇಲೆಯೇ ಅದರ ಅರ್ಥವನ್ನು ನಿರ್ಣಯಿಸತಕ್ಕದ್ದು. ಒಂದೇ ಬಗೆಯ ಕಿರಿಚಾಟವು ಒಬ್ಬನಲ್ಲಿ ಪಾಠವು ಕಠಿನವೆಂಬುದನ್ನೂ, ಇನ್ನೊಬ್ಬನಲ್ಲಿ ನನ್ನ ಕಡೆ ನೋಡಿರೆಂಬುದನ್ನೂ, ಮತ್ತೊಬ್ಬನಲ್ಲಿ ಹಲ್ಲುನೋವನ್ನೂ ಸೂಚಿಸಬಹುದು.

1985ರಲ್ಲಿ ಅಮೆರಿಕದ ಎಡ್ವರ್ಡ್ ಕಾರ್, ಮಾರ್ಕ್ ಡ್ಯುರಾಂಡ್ ಎಂಬಿಬ್ಬರು ಪ್ರಕಟಿಸಿದ ಪರೀಕ್ಷೆಯು ಶಬ್ದಾರ್ಥಚಿಂತಕರಿಗೆ ವಿಶೇಷವಾಗಿ ಮನನೀಯವಾದುದು. ಬೆಳವಣಿಗೆಯಲ್ಲಿ ತೊಡಕುಳ್ಳ 4 ಮಕ್ಕಳನ್ನು ಅವರು ಪರೀಕ್ಷಿಸಿದರು. ಪಾಠದ ಕಾಠಿನ್ಯದಿಂದ ಕೆರಳುವವರಿಗೆ ತಮಗೆ ತಿಳಿಯಲಿಲ್ಲವೆಂದು ಹೇಳುವುದನ್ನೂ, ಗಮನವನ್ನು ಬಯಸುವವರಿಗೆ ತಮ್ಮ ಕೆಲಸವು ಚೆನ್ನಾಗಿದೆಯೇ ಎಂದು ಕೇಳುವುದನ್ನೂ ಕಲಿಸಿದರು. ಉಪದ್ರವವು ಬಹಳ ಮಟ್ಟಿಗೆ ಇಳಿಯಿತು. ಆ ಮಗುವಿನ ಅಪೇಕ್ಷೆಗೆ ಸಂಬಂಧಿಸದ ಮಾತನ್ನು ಕಲಿಸಿದಾಗಲಾದರೋ ಹಾಗೆ ಇಳಿಯಲಿಲ್ಲ! ಬಾಯಿಗೆ ಯಾವುದೋ ಒಂದು ಮಾತು ಬಂದರೆ ಸಾಲದು. ಚೇಷ್ಟೆಯು ಹೊತ್ತಿದ್ದ ಅರ್ಥವನ್ನೇ ಅದೂ ಹೊರಬೇಕು. ಮಾತೇ ಬಾರದ ಮಗುವಿಗೆ ಚಿತ್ರವಾಗಲಿ ಸನ್ನೆಯಾಗಲಿ ಆ ಸ್ಥಾನದಲ್ಲಿ ನಿಲ್ಲುವುದು.

ಅದೇ ದೇಶದಲ್ಲಿ 1960ರ ದಶಕದಲ್ಲಿ ಇಂಥ ಮಕ್ಕಳಿಗೆ ವಿದ್ಯುದಾಘಾತವನ್ನು ಕೊಟ್ಟುದೂ ಉಂಟು. ದಂಡನೆಯಿಂದ ಕಿರಿಚಾಟ ನಿಂತರೂ ಹಲ್ಲುನೋವು ನಿಲ್ಲದು. ನಮ್ಮಲ್ಲಿ 2009ರ ಶಿಕ್ಷಣಹಕ್ಕಿನ ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ದೇಹದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೆ ದಂಡನೆಯನ್ನು ಬಿಟ್ಟಮಾತ್ರಕ್ಕೆ ಅರ್ಥವು ತಾನಾಗಿ ತಿಳಿಯದು.

ಮನೆಯವರನ್ನು ಬಿಟ್ಟು ಈ ಕಾರ್ಯವು ಸಾಗದು. ದಿನಚರಿಯನ್ನು ಚಿತ್ರಗಳಲ್ಲಿ ತೋರಿಸುವುದು, ನೆಂಟರು ಬರುವುದನ್ನು ಮುಂಚಿತವಾಗಿ ತಿಳಿಸುವುದು, ಕುಕ್ಕರಿನ ಕೂಗಿಗೆ ಬೆಚ್ಚುವ ಮಗುವನ್ನು ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಿಸುವುದು, ಇವೆಲ್ಲ ಅವರಿಂದಲೇ ಆಗತಕ್ಕವು. ರಾತ್ರಿಯೆಲ್ಲ ನಿದ್ರೆಯಿಲ್ಲದ ತಾಯಿಗೆ ಹತ್ತು ನಿಯಮಗಳನ್ನು ಬರೆದುಕೊಡುವವರು ಅವಳ ಪಾಡನ್ನು ಮೊದಲು ವಿಚಾರಿಸಲಿ.

ಯಾರಿಗೂ ನೋವಾಗದಂತೆ ಕೈಬೀಸುವುದು, ತೂಗಾಡುವುದು ಮೊದಲಾದವನ್ನೂ ಈ ಪದ್ಧತಿಯ ಹೆಸರಿನಲ್ಲಿ ಬಿಡಿಸಹೊರಡುವವರುಂಟು. ಆಟಿಸಂ ಉಳ್ಳ ವಯಸ್ಕರು ಅನೇಕರು ಇದನ್ನು ಆಕ್ಷೇಪಿಸಿದ್ದಾರೆ. ಆ ವ್ಯಾಪಾರದಿಂದಲೇ ತಮಗೆ ಸಮಾಧಾನವೆಂದೂ ಹೇಳಿದ್ದಾರೆ. ಅರ್ಥವನ್ನು ಹೀಗೆ ವಕ್ತೃವೇ ವಿವರಿಸಿರುವಲ್ಲಿ ವ್ಯಾಖ್ಯಾನಕಾರನಿಗೆ ಕೆಲಸವೇನಿದೆ?