ಗೇರುಬೀಜದ ಚಿಪ್ಪು: ವಿಷವೂ ಔಷಧದ ಆಶೆಯೂ

ಸೃಷ್ಟಿಯಲ್ಲಿ ಯಾವ ವಸ್ತುವೂ ವ್ಯರ್ಥವಲ್ಲ. ಅದರ ಗುಣವನ್ನರಿತು ಬಳಸುವ ವಿವೇಕವೇ ದುರ್ಲಭವಾದುದು. ಈ ಮಾತಿಗೆ ಗೇರುಬೀಜದ ಚಿಪ್ಪು ಉತ್ತಮ ನಿದರ್ಶನವಾಗಿದೆ. ಬ್ರೆಜಿಲ್ ದೇಶದ ಈ ಮರವನ್ನು 16ನೆಯ ಶತಮಾನದಲ್ಲಿ ಪೋರ್ಚುಗೀಸರು ಭಾರತಕ್ಕೆ ತಂದರು. ಇಂದು ಅದು ಕರಾವಳಿಯ ಗುಡ್ಡಗಳಲ್ಲಿ ಮನೆಯ ಮರದಂತೆ ನೆಲೆಗೊಂಡಿದೆ. ತಿರುಳು ಗೋಡಂಬಿಯೆನಿಸಿ ಹಬ್ಬದ ಪಾಯಸವನ್ನು ಸೇರುತ್ತದೆ. ಚಿಪ್ಪು ಕಾರ್ಖಾನೆಯ ಹಿತ್ತಿಲಿನಲ್ಲಿ ರಾಶಿಬೀಳುತ್ತದೆ.

ಆ ಚಿಪ್ಪಿನ ನಡುವೆ ಜೇನುಗೂಡಿನಂತಹ ಪದರವೊಂದಿದ್ದು, ಅದರಲ್ಲಿ ಕಂದುಬಣ್ಣದ ಎಣ್ಣೆ ತುಂಬಿರುತ್ತದೆ. ಕಾಯಿಸದೆ ತೆಗೆದ ಎಣ್ಣೆಯಲ್ಲಿ ಅನಕಾರ್ಡಿಕ್ ಆಮ್ಲವು ಅಧಿಕ. ಹೆಚ್ಚು ಕಾಯಿಸಿದಾಗ ಅದು ಕಾರ್ಡನಾಲ್ ಆಗಿ ಮಾರ್ಪಟ್ಟು, ಬಣ್ಣ, ರಾಳ ಹಾಗೂ ವಾಹನಗಳ ಬ್ರೇಕುಗಳ ತಯಾರಿಕೆಗೆ ಒದಗುತ್ತದೆ. ಔಷಧಶೋಧಕರ ಕಣ್ಣು ಬಿದ್ದಿರುವುದಾದರೋ ಆ ಆಮ್ಲದ ಮೇಲೆ.

ಹಲ್ಲಿನ ಹುಳುಕಿಗೆ ಕಾರಣವಾದ ಸೂಕ್ಷ್ಮಾಣುವಿನ ಬೆಳವಣಿಗೆಯನ್ನು ಈ ಆಮ್ಲ ತಡೆಯುವುದೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಜೀವಕೋಶದಲ್ಲಿ ವಂಶವಾಹಿಗಳನ್ನು ಚುರುಕುಗೊಳಿಸಲು ನೆರವಾಗುವ ಪಿ300 ಎಂಬ ಕಿಣ್ವವನ್ನು ಇದು ನಿರ್ಬಂಧಿಸುವುದೆಂದು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದರು. ನರತಂತುಗಳ ಹೊದಿಕೆ ನಶಿಸಿದ ಇಲಿಗಳಲ್ಲಿ ಆ ಹೊದಿಕೆ ಮರಳಿ ಬೆಳೆಯಲು ಇದು ಸಹಾಯಕವೆಂದು ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೈದ್ಯಸಂಶೋಧಕರು 2020ರಲ್ಲಿ ತಿಳಿಸಿದರು.

ಆದರೆ ಇಲಿಯಲ್ಲಿ ಕಂಡ ಫಲವು ಮನುಷ್ಯನಿಗೆ ಸಂದ ಔಷಧವಲ್ಲ. ಹಸಿ ಚಿಪ್ಪಿನ ಎಣ್ಣೆ ತಗಲಿದರೆ ಚರ್ಮ ಸುಟ್ಟು ಬೊಕ್ಕೆಯೇಳುತ್ತದೆ. ಅದನ್ನು ಮನೆಮದ್ದೆಂದು ಬಳಸುವುದು ಅಪಾಯಕರ. ಗೇರಿನ ಕುಲಕ್ಕೇ ಸೇರಿದ ಭಲ್ಲಾತಕ, ಅಂದರೆ ಕರಿಗೇರು, ಇಂಥದೇ ದಾಹಕಗುಣವುಳ್ಳದ್ದು. ಆಯುರ್ವೇದಜ್ಞರು ಅದನ್ನು ಇಟ್ಟಿಗೆಯ ಪುಡಿಯಲ್ಲಿ ಉಜ್ಜಿ, ಬಿಸಿನೀರಿನಲ್ಲಿ ತೊಳೆದು, ಶೋಧನಸಂಸ್ಕಾರವಾದ ಬಳಿಕವೇ ಔಷಧಕ್ಕೆ ಯೋಗ್ಯವೆಂದರು. ಇಂದಿನ ವಿಜ್ಞಾನದ ಪರೀಕ್ಷಾಕ್ರಮವೂ ಒಂದು ಬಗೆಯ ಶೋಧನವೇ. ಅದು ಪೂರ್ಣಗೊಳ್ಳುವ ಮುನ್ನ ಅವಸರ ಸಲ್ಲದು.

ಈ ವಿಚಾರದಲ್ಲಿ ಮರೆಯಬಾರದ ಮತ್ತೊಂದು ಸಂಗತಿಯುಂಟು. ಕೈಗೆ ಎಣ್ಣೆ ಸವರಿಕೊಂಡು ಬೀಜ ಒಡೆಯುವ ಹೆಣ್ಣುಮಕ್ಕಳು ಆ ಚಿಪ್ಪಿನ ದಾಹಕಗುಣವನ್ನು ವಿಜ್ಞಾನಿಗಳಿಗಿಂತ ಮೊದಲೇ ತಮ್ಮ ಬೆರಳುಗಳಲ್ಲಿ ಅರಿತವರು. ಕಸದಿಂದ ಔಷಧವೂ ಸಂಪತ್ತೂ ದೊರೆಯುವ ಕಾಲ ಬಂದಾಗ, ಅದರ ಫಲ ಮೊದಲು ಆ ಕೈಗಳ ರಕ್ಷಣೆಗೆ ಸಲ್ಲಬೇಕು. ಕಾಯಕಕ್ಕೆ ಗೌರವ, ದಾಸೋಹಕ್ಕೆ ಅರ್ಥ ಬರುವುದು ಆಗಲೇ.